27 ಕೋಟಿಗೆ ಎಷ್ಟು ಟನ್ ಕಬ್ಬು? ಇಷ್ಟೊಂದು ಸಂಬಳ ನ್ಯಾಯವಾ?

ಕಬ್ಬಿನಗದ್ದೆ (ಮಂಡ್ಯ) · ಬೆಳಿಗ್ಗೆ 6:40

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಟೀ ಅಂಗಡಿಯಲ್ಲಿ ಶುರುವಾದ ಜಗಳ ರಾತ್ರಿ ಊಟಕ್ಕೆ ಮನೆಗೂ ಬಂತು. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ನನ್ನ ಮಗ ಬಿ.ಕಾಂ. ಓದುತ್ತಿದ್ದಾನೆ. ಐಪಿಎಲ್ ಹರಾಜು ಅಂದರೆ ಅವನಿಗೆ ಮಾರಮ್ಮನ ಹಬ್ಬಕ್ಕಿಂತ ಹೆಚ್ಚು. 2024ರ ಕೊನೆಯಲ್ಲಿ ರಿಷಭ್ ಪಂತ್‌ಗೆ ಲಖನೌ ತಂಡ 27 ಕೋಟಿ ಕೊಟ್ಟಿತಲ್ಲ, ಆ ದಾಖಲೆ ಇನ್ನೂ ಮುರಿದಿಲ್ಲ ಅಂತ ಅವನ ವಾದ. ನಾನು ಪೆನ್ನು ತಗೊಂಡು ಲೆಕ್ಕ ಹಾಕಿದೆ. 2025-26ಕ್ಕೆ ಕೇಂದ್ರ ಸರ್ಕಾರ ಕಟ್ಟಿರುವ ಕಬ್ಬಿನ ಬೆಲೆ ಟನ್‌ಗೆ 3,550 ರೂಪಾಯಿ. ಅದೂ ಕಬ್ಬಿನಿಂದ ಸಕ್ಕರೆ ಇಳುವರಿ ಶೇ. 10.25 ಬಂದರೆ. 9.5ಕ್ಕಿಂತ ಕಡಿಮೆ ಅಂದರೆ 3,290 ಚಿಲ್ಲರೆ. ದೊಡ್ಡ ರೇಟೇ ಹಿಡಿಯಿರಿ. 27 ಕೋಟಿಗೆ 76,000 ಟನ್ ಕಬ್ಬು ಬೇಕು. ಎಕರೆಗೆ 40 ಟನ್ ಅಂದುಕೊಂಡರೂ 1,900 ಎಕರೆ. ನಮ್ಮ ಊರಿನ ಗದ್ದೆ ಪೂರ್ತಿ ಸೇರಿಸಿದರೂ ಸಾಲದು, ಪಕ್ಕದ ಊರಿಗೂ ಬೇಲಿ ಹಾರಬೇಕು.

ಇದು ಎರಡು ತಿಂಗಳ ಆಟಕ್ಕೆ! ಕಂಪನಿ ಸಿಇಒಗಳದ್ದೂ ಇದೇ ಕತೆ. ಇದು ನ್ಯಾಯವಾ? ಮಗ ‘ನ್ಯಾಯ, ಸಪ್ಲೈ ಡಿಮ್ಯಾಂಡ್’ ಅಂತಾನೆ. ನೀವು ಹೇಳಿ.

ಕಪ್_ನಮ್ದೇ_18 · 6:58

ಅಣ್ಣ, ಪಂತ್ ವಿಷಯಕ್ಕೆ ನಾನೂ ನಿಮ್ಮ ಕಡೆ. 2025ರಲ್ಲಿ ಅವನು ಹೊಡೆದದ್ದು 269 ರನ್. ರನ್‌ಗೆ ಹತ್ತು ಲಕ್ಷ ಬಿತ್ತು. ಅದರಲ್ಲಿ 118 ಕೊನೇ ಲೀಗ್ ಮ್ಯಾಚಿನಲ್ಲಿ ನಮ್ಮ ಆರ್‌ಸಿಬಿ ಮೇಲೆ. ಆದರೂ ಗೆದ್ದದ್ದು ನಾವೇ, ಜಿತೇಶ್ ಶರ್ಮಾ 85 😄

ಕೊಹ್ಲಿ 21 ಕೋಟಿ ಮಾತ್ರ ಕೇಳಬೇಡಿ. ಅದು ಕಡಿಮೆಯೇ ಆಯ್ತು.

ನಿವೃತ್ತ ಮೇಷ್ಟ್ರು (ಸರಸ್ವತಿಪುರಂ) · 7:15

34 ವರ್ಷ ಗಣಿತ ಹೇಳಿಕೊಟ್ಟವನು ನಾನು. ಇನ್ನೊಂದು ಲೆಕ್ಕ ಸೇರಿಸುತ್ತೇನೆ. ನರೇಗಾ ಕೂಲಿ ನಮ್ಮ ರಾಜ್ಯದಲ್ಲಿ 2025-26ಕ್ಕೆ ದಿನಕ್ಕೆ 370 ರೂಪಾಯಿ. ಭಾನುವಾರವೂ ರಜೆ ಇಲ್ಲದೆ ದಿನಾ ಮಣ್ಣು ಹೊತ್ತರೆ 27 ಕೋಟಿ ಆಗಲು ಸುಮಾರು 2,000 ವರ್ಷ ಬೇಕು. ಅಂದರೆ ಏಸುಕ್ರಿಸ್ತನ ಕಾಲದಲ್ಲಿ ಗುದ್ದಲಿ ಹಿಡಿದವನು ಈಗ ಕೆಳಗಿಡಬಹುದು.

ಒಬ್ಬ ಮನುಷ್ಯನ ಶ್ರಮ ಇನ್ನೊಬ್ಬನದಕ್ಕಿಂತ ಇಷ್ಟು ಪಟ್ಟು ದೊಡ್ಡದಾಗಲು ಸಾಧ್ಯವೇ ಇಲ್ಲ. ಇದು ಅನ್ಯಾಯ. ಚರ್ಚೆಗೆ ಜಾಗವೇ ಇಲ್ಲ.

ಅಗ್ರಹಾರದ ಆಡಿಟರ್ · 7:31

ಚರ್ಚೆಗೆ ಜಾಗ ಇಲ್ಲ ಅಂತ ಹೇಳಿ ಚರ್ಚೆಗೆ ಬಂದಿದ್ದೀರಲ್ಲ ಮೇಷ್ಟ್ರೇ.

ಶ್ರಮಕ್ಕೆ ಯಾರೂ ದುಡ್ಡು ಕೊಡುವುದಿಲ್ಲ ಸಾರ್. ಎಷ್ಟು ಜನ ನೋಡಲು ಬರುತ್ತಾರೆ ಅನ್ನುವುದಕ್ಕೆ ಕೊಡುತ್ತಾರೆ. ಹಿಂದೆ ಕಂಪನಿ ನಾಟಕದ ಕಾಲದಲ್ಲಿ ಊರೂರಿಗೂ ಒಬ್ಬ ಹೀರೋ ಇದ್ದ. ಟೆಂಟಿನಲ್ಲಿ ಎಷ್ಟು ಜನ ಹಿಡಿಸುತ್ತಾರೋ ಅಷ್ಟೇ ಅವನ ಸಂಪಾದನೆ. ಸಿನಿಮಾ ಬಂತು, ಒಬ್ಬನೇ ಹೀರೋ ಒಂದೇ ದಿನ ಮುನ್ನೂರು ಊರಲ್ಲಿ ಕುಣಿದ. ಊರಿನ ಹೀರೋ ಮನೆಗೆ ಹೋದ. ಟಿವಿ, ಮೊಬೈಲ್ ಬಂದ ಮೇಲೆ ಆ ಟೆಂಟಿಗೆ ಗೋಡೆಯೇ ಇಲ್ಲ. ಎಲ್ಲರೂ ಅತಿ ಚೆನ್ನಾಗಿ ಆಡುವವನನ್ನೇ ನೋಡುತ್ತಾರೆ, ಅವನಿಗಿಂತ ಒಂಚೂರು ಕಡಿಮೆ ಇರುವವನನ್ನು ಯಾರೂ ಕೇಳುವುದಿಲ್ಲ.

ಐಪಿಎಲ್‌ನ 2023ರಿಂದ 2027ರ ಪ್ರಸಾರ ಹಕ್ಕು ಹೋದದ್ದು 48,390 ಕೋಟಿಗೆ. ವರ್ಷಕ್ಕೆ ಸುಮಾರು 9,678 ಕೋಟಿ. 2025ರಲ್ಲಿ ಒಂದು ತಂಡ ಆಟಗಾರರಿಗೆ ಎಲ್ಲಾ ಸೇರಿ ಕೊಡಬಹುದಾದ ಗರಿಷ್ಠ 146 ಕೋಟಿ. ಹತ್ತು ತಂಡಕ್ಕೆ 1,460. ಪ್ರಸಾರದ ದುಡ್ಡಿಗೆ ಹೋಲಿಸಿದರೆ ಶೇ. 15! ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆದಾಯದ ಹತ್ತಿರ ಹತ್ತಿರ ಅರ್ಧ ಆಟಗಾರರಿಗೆ ಹೋಗುತ್ತದೆ. ಹಾಗಾಗಿ ನನ್ನ ಪ್ರಕಾರ ನಮ್ಮ ಆಟಗಾರರಿಗೆ ಸಿಗುತ್ತಿರುವುದು ಕಡಿಮೆ. ಬೈಯಿರಿ ಈಗ.

ಕಪ್_ನಮ್ದೇ_18 · 7:33

ಆಡಿಟರ್ ಸಾರ್‌ಗೆ ಜೈ 🙏

ಕಬ್ಬಿನಗದ್ದೆ (ಮಂಡ್ಯ) · 7:50

ಆಡಿಟರ್ ಸಾರ್, ಉಳಿದ ಶೇ. 85 ಯಾರ ಜೇಬಿಗೆ ಅಂತ ಹೇಳಲೇ ಇಲ್ಲ.

ಅಗ್ರಹಾರದ ಆಡಿಟರ್ · 7:54

ಕ್ರಿಕೆಟ್ ಮಂಡಳಿ ಮತ್ತು ತಂಡದ ಮಾಲೀಕರಿಗೆ. ಅವರ ಫೋಟೋ ಪೇಪರಿನಲ್ಲಿ ಬರುವುದಿಲ್ಲ, ಹಾಗಾಗಿ ಅವರ ಮೇಲೆ ಸಿಟ್ಟೂ ಬರುವುದಿಲ್ಲ. ಪಂತ್‌ದೂ ಪೂರ್ತಿ 27 ಅಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಮೇಲಿನ ದರ ಸರ್‌ಚಾರ್ಜ್, ಸೆಸ್ ಎಲ್ಲಾ ಸೇರಿ ಶೇ. 39. ಕೈಗೆ ಹತ್ತಿರ ಹತ್ತಿರ ಹದಿನಾರೂವರೆ ಕೋಟಿ.

ನಿವೃತ್ತ ಮೇಷ್ಟ್ರು (ಸರಸ್ವತಿಪುರಂ) · 8:05

ಅಯ್ಯೋ ಪಾಪ. ಹದಿನಾರೂವರೆ ಕೋಟಿಯಲ್ಲಿ ಸಂಸಾರ ಹೇಗೆ ತೂಗಿಸುತ್ತಾನೋ.

1973-74ರಲ್ಲಿ ಈ ದೇಶದಲ್ಲಿ ಮೇಲಿನ ತೆರಿಗೆ ದರ ಶೇ. 97.75 ಇತ್ತು. ಆಗ ಯಾರೂ ಇಷ್ಟು ಮೆರೆಯುತ್ತಿರಲಿಲ್ಲ.

ಅಗ್ರಹಾರದ ಆಡಿಟರ್ · 8:09

ಮೆರೆಯುತ್ತಿದ್ದರು ಸಾರ್, ಲೆಕ್ಕ ತೋರಿಸುತ್ತಿರಲಿಲ್ಲ ಅಷ್ಟೇ. ನೂರಕ್ಕೆ ತೊಂಬತ್ತೇಳು ಕೊಡಬೇಕು ಅಂದರೆ ಯಾರು ತೋರಿಸುತ್ತಾರೆ? ನನ್ನ ಗುರುಗಳು ಆ ಕಾಲದ ಕತೆ ಹೇಳಿದರೆ ಒಂದು ರಾತ್ರಿ ಸಾಲದು.

ಒಂದು ಕಾಲದ ಸ್ಪಿನ್ನರ್ · 8:40

ನಾನು ವಿಶ್ವವಿದ್ಯಾಲಯ ತಂಡಕ್ಕೆ ಆಡಿದವನು. ಗಂಗೋತ್ರಿ ಗ್ಲೇಡ್ಸ್ ಮೈದಾನದ ಮರದ ನೆರಳು ಗೊತ್ತಿರುವವರಿಗೆ ಗೊತ್ತು. ಜಾವಗಲ್ ಶ್ರೀನಾಥ್ ನಮ್ಮ ಮೈಸೂರಿನವರು, ಹಾಗಾಗಿ ನಮ್ಮ ಕಾಲದ ಪ್ರತಿ ಹುಡುಗನೂ ಫಾಸ್ಟ್ ಬೌಲರ್. ನನಗೆ ಎತ್ತರ ಇಲ್ಲದ್ದರಿಂದ ಸ್ಪಿನ್.

ನೀವೆಲ್ಲ ಹರಾಜಿನ ಮೇಲಿನ ತುದಿ ನೋಡುತ್ತಿದ್ದೀರಿ. ಕೆಳಗೆ ಬನ್ನಿ. ರಣಜಿಯಲ್ಲಿ 40ಕ್ಕಿಂತ ಜಾಸ್ತಿ ಪಂದ್ಯ ಆಡಿದವನಿಗೆ ದಿನಕ್ಕೆ 60,000, ಹೊಸಬನಿಗೆ 40,000. ಲೀಗ್ ಹಂತದ ಏಳು ಪಂದ್ಯ ಪೂರ್ತಿ ಆಡಿದರೆ ಹಿರಿಯನಿಗೆ ಹದಿನಾರು ಹದಿನೇಳು ಲಕ್ಷ. ಕೆಟ್ಟದ್ದಲ್ಲ, ನಿಜ. ಆದರೆ ಅದು ರಾಜ್ಯಕ್ಕೆ ಹನ್ನೊಂದು ಜನಕ್ಕೆ. ಅವರ ಹಿಂದೆ ಸಾವಿರಾರು ಹುಡುಗರು ಕ್ಲಬ್ ಕಿಟ್ಟಿಗೆ ಅಪ್ಪನ ಕೈಯಲ್ಲಿ ಸಾಲ ಮಾಡಿಸಿದ್ದಾರೆ. ನಮ್ಮ ರಾಜ್ಯದ ಟಿ20 ಲೀಗ್ ಮಹಾರಾಜ ಟ್ರೋಫಿಯಲ್ಲೇ ನೋಡಿ. 2024ರಲ್ಲಿ ಮೈಸೂರು ವಾರಿಯರ್ಸ್ ದ್ರಾವಿಡ್ ಮಗ ಸಮಿತ್‌ನನ್ನು ತೆಗೆದುಕೊಂಡದ್ದು 50,000ಕ್ಕೆ. ಕೋಟಿ ಅಲ್ಲ, ಸಾವಿರ. ಆ ಸಲ ಕಪ್ ಕೂಡ ವಾರಿಯರ್ಸ್‌ದೇ.

ನಾನು 24ನೇ ವಯಸ್ಸಿಗೆ ಭುಜ ಹೋಗಿ ಬಿಟ್ಟೆ. ಈಗ ಇನ್ಶೂರೆನ್ಸ್ ಮಾಡಿಸುತ್ತೇನೆ. ಆಟಗಾರನ ಸಂಬಳ ಅಂದರೆ ಲಾಟರಿ ಟಿಕೆಟ್ ಇದ್ದ ಹಾಗೆ. ಗೆದ್ದವನ ಫೋಟೋ ಹಾಕಿ ಎಲ್ಲರಿಗೂ ಟಿಕೆಟ್ ಮಾರುತ್ತಾರೆ. ಗೆದ್ದವನ ಮೇಲೆ ನನಗೆ ಸಿಟ್ಟಿಲ್ಲ, ಅವನೂ ನನ್ನ ಹಾಗೆ ಬಿಸಿಲಿನಲ್ಲಿ ನಿಂತವನೇ.

ಬೆಂಚಿನ ಮೇಲೆ · 9:12

ಆಟಗಾರರನ್ನು ಬಿಡಿ ಸ್ವಾಮಿ. ಅವರು ಸೊನ್ನೆಗೆ ಔಟಾದರೆ ಕೋಟಿ ಜನ ನೋಡುತ್ತಾರೆ. ಸಿಇಒ ಸೊನ್ನೆಗೆ ಔಟಾದರೆ ‘ಸವಾಲಿನ ವರ್ಷ’ ಅಂತ ಮೇಲ್ ಬರುತ್ತದೆ.

ನನ್ನದು ಐಟಿ ಕೆಲಸ, ಕಂಪನಿ ಹೆಸರು ಬೇಡ. ಹೋದ ವರ್ಷ ನಮಗೆ ಶೇ. 4 ಹೆಚ್ಚಳ. ‘ಮಾರುಕಟ್ಟೆ ಚೆನ್ನಾಗಿಲ್ಲ’ ಅಂದರು. ಅದೇ ಮೇಲಿನವರಿಗೆ ಎರಡಂಕಿಯ ಹೆಚ್ಚಳ, ಅವರಿಗೆ ಮಾತ್ರ ಮಾರುಕಟ್ಟೆ ಚೆನ್ನಾಗಿತ್ತು. ನಮ್ಮ ಕಡೆ ಶುಕ್ರವಾರ ಸಂಜೆ ಕೇಕ್ ಕತ್ತರಿಸುತ್ತಿದ್ದರು, ಅದನ್ನೂ ನಿಲ್ಲಿಸಿದರು. ಉಳಿತಾಯವಂತೆ.

ಅಗ್ರಹಾರದ ಆಡಿಟರ್ · 9:30

ಕಾನೂನು ಏನಿದೆ ಅಂತ ಹೇಳಿಬಿಡುತ್ತೇನೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಒಬ್ಬನೇ ಎಂಡಿ ಇದ್ದರೆ ಅವನಿಗೆ ನಿವ್ವಳ ಲಾಭದ ಶೇ. 5, ಎಲ್ಲ ನಿರ್ದೇಶಕರಿಗೂ ಸೇರಿ ಶೇ. 11. ಅದಕ್ಕೆ ಮೀರಬೇಕು ಅಂದರೆ ಷೇರುದಾರರ ಸಭೆಯ ಒಪ್ಪಿಗೆ ಬೇಕು. ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯೂ ನಿರ್ದೇಶಕರ ಸಂಬಳ ನಡುಮಟ್ಟದ ನೌಕರನ ಸಂಬಳದ ಎಷ್ಟು ಪಟ್ಟು ಅಂತ ವಾರ್ಷಿಕ ವರದಿಯಲ್ಲಿ ಹಾಕಲೇಬೇಕು. ಬೆಂಚಿನವರೇ, ನಿಮ್ಮ ಕಂಪನಿಯದೂ ಇರುತ್ತದೆ, ಹುಡುಕಿ.

ಈಗ ಒಂದು ತಮಾಷೆ. 2024-25ರಲ್ಲಿ ಇನ್ಫೋಸಿಸ್ ಸಿಇಒ ಸಂಬಳ 80 ಕೋಟಿ ದಾಟಿತು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಷೇರಿನ ಲೆಕ್ಕದಲ್ಲಿ ಬಂದದ್ದು. ಅದೇ ವರ್ಷ ಅದಕ್ಕಿಂತ ದೊಡ್ಡ ಕಂಪನಿಯಾದ ಟಿಸಿಎಸ್ ತನ್ನ ಸಿಇಒಗೆ ಕೊಟ್ಟದ್ದು 26.5 ಕೋಟಿ. ಇಬ್ಬರದೂ ಒಂದೇ ಕೆಲಸ, ಒಂದೇ ಪೇಟೆ. ಒಬ್ಬರಿಗೆ ಮೂರು ಪಟ್ಟು. ಆಟಗಾರರಿಗೆ ‘ಮಾರುಕಟ್ಟೆ ಬೆಲೆ’ ಅಂದರೆ ನಾನು ಒಪ್ಪುತ್ತೇನೆ. ಇಲ್ಲಿ ಆ ಮಾತು ನನಗೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ನಿವೃತ್ತ ಮೇಷ್ಟ್ರು (ಸರಸ್ವತಿಪುರಂ) · 9:41

ಅಂತೂ ಬಂದಿರಿ ದಾರಿಗೆ.

ಇದನ್ನೇ ನಾರಾಯಣ ಮೂರ್ತಿ 2017ರಲ್ಲಿ ಹೇಳಿದ್ದರು. ನಮ್ಮ ಮೈಸೂರಿನ ಎನ್‌ಐಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಹೆಚ್ಚಿನ ನೌಕರರಿಗೆ ಶೇ. 6ರಿಂದ 8 ಕೊಟ್ಟು, ಮೇಲಿನ ಒಬ್ಬರಿಗೆ ಶೇ. 60-70ರಷ್ಟು ಏರಿಸುವುದು ಸರಿಯಲ್ಲ ಅಂತ ಬಹಿರಂಗವಾಗಿಯೇ ಆಕ್ಷೇಪ ಎತ್ತಿದ್ದರು. ಕಟ್ಟಿದವರ ಮಾತನ್ನೇ ಕಂಪನಿ ಕೇಳಲಿಲ್ಲ. ನನ್ನ ಮಾತು ಯಾರು ಕೇಳುತ್ತಾರೆ.

ಬೆಂಚಿನ ಮೇಲೆ · 9:44

ವಾರಕ್ಕೆ 70 ಗಂಟೆ ಕೆಲಸ ಮಾಡಿ ಅಂದವರೂ ಅವರೇ ಮೇಷ್ಟ್ರೇ. ಅದನ್ನು ಮಾತ್ರ ಎಲ್ಲ ಮ್ಯಾನೇಜರ್‌ಗಳೂ ಕೇಳಿಸಿಕೊಂಡರು 😐

ಕಾಫಿ_ಎರಡನೇ_ಲೋಟ · 9:58

ಸ್ವಿಟ್ಜರ್ಲೆಂಡಿನಲ್ಲಿ 2013ರಲ್ಲಿ ಇದಕ್ಕೆ ಜನಮತ ಕೇಳಿದ್ದರು. ಕಂಪನಿಯಲ್ಲಿ ಅತಿ ಕಡಿಮೆ ಸಂಬಳದವನು ವರ್ಷಕ್ಕೆ ದುಡಿಯುವುದಕ್ಕಿಂತ ಜಾಸ್ತಿಯನ್ನು ಮೇಲಿನವನು ಒಂದು ತಿಂಗಳಲ್ಲಿ ಪಡೆಯಬಾರದು, ಅಂದರೆ 12 ಪಟ್ಟು ಮಿತಿ. ಶೇ. 65 ಜನ ಬೇಡ ಅಂದರು! ಕೂಲಿಯವರೂ ಬೇಡ ಅಂದಿರುತ್ತಾರೆ. ಕಂಪನಿ ದೇಶ ಬಿಟ್ಟು ಹೋದರೆ ಅನ್ನುವ ಭಯ.

ಅಂದಹಾಗೆ, ಮೈಸೂರಿನ ಅಗ್ರಹಾರದ ಕಡೆ ಬೆಳಿಗ್ಗೆ ಏಳಕ್ಕೆ ಮೊದಲು ಒಳ್ಳೆಯ ಬೆಣ್ಣೆ ದೋಸೆ ಎಲ್ಲಿ ಸಿಗುತ್ತದೆ? ಭಾನುವಾರ ನೆಂಟರು ಬರುತ್ತಾರೆ.

ಕಪ್_ನಮ್ದೇ_18 · 10:01

ಏಳಕ್ಕೆ ಮೊದಲು ನೆಂಟರನ್ನು ಎಬ್ಬಿಸುವವರು ನೀವೊಬ್ಬರೇ ಇರಬೇಕು. ನಜರ್‌ಬಾದ್ ಕಡೆಗೆ ಹೋಗಿ.

ಒಂದು ಕಾಲದ ಸ್ಪಿನ್ನರ್ · 10:03

ನಜರ್‌ಬಾದಿನಲ್ಲಿ ಭಾನುವಾರ ನಿಂತು ಕಾಯಲು ಟೆಸ್ಟ್ ಆಟಗಾರನ ತಾಳ್ಮೆ ಬೇಕು.

ನಿರ್ವಾಹಕ · 10:10

ದೋಸೆಗೆ ಬೇರೆ ಎಳೆ ಇದೆ. ಇಲ್ಲಿ ಸಂಬಳ ಮಾತ್ರ ಹುರಿಯಿರಿ.

ನರಸೀಪುರದವಳು · 10:36

ಕ್ರಿಕೆಟ್ ಬಿಟ್ಟು ಒಂದು ಆಟ ಇದೆ ಅಂತ ಯಾರಾದರೂ ನೆನಪಿಸಿಕೊಳ್ಳುತ್ತಾರಾ ಅಂತ ಬೆಳಿಗ್ಗೆಯಿಂದ ಕಾಯುತ್ತಿದ್ದೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಆಯಿತು. ನಮ್ಮ ಹೆಂಗಸರ ತಂಡವೂ ಗೆದ್ದಿತು, ಗಂಡಸರ ತಂಡವೂ ಗೆದ್ದಿತು. ಎರಡೂ ಫೈನಲ್‌ನಲ್ಲಿ ಎದುರಾಳಿ ನೇಪಾಳ. ಹೆಂಗಸರ ತಂಡದಲ್ಲಿದ್ದ ಚೈತ್ರಾ ನಮ್ಮ ತಾಲ್ಲೂಕಿನ ಕುರುಬೂರಿನ ಹುಡುಗಿ. ನಮ್ಮ ಸರ್ಕಾರ ಅವಳಿಗೂ ಗಂಡಸರ ತಂಡದ ಗೌತಮ್‌ಗೂ ತಲಾ 5 ಲಕ್ಷ ಅಂದಿತು. ಅದೇ ತಂಡಗಳ ಮಹಾರಾಷ್ಟ್ರದ ಆಟಗಾರರಿಗೆ ಅವರ ಸರ್ಕಾರ 2.25 ಕೋಟಿ, ಜೊತೆಗೆ ಸರ್ಕಾರಿ ಕೆಲಸ. ಇಬ್ಬರೂ 5 ಲಕ್ಷ ಬೇಡ ಅಂದರು. ಊರಲ್ಲಿ ಕೆಲವರು ‘ಕೊಟ್ಟದ್ದು ತಗೋಬಾರದಾ, ಎಷ್ಟು ಜಂಬ’ ಅಂದರು. ನನಗೆ ಮೈ ಉರಿಯಿತು. ವಿಶ್ವಕಪ್ ಗೆದ್ದು ಬಂದವಳು ಸರಿಯಾಗಿ ಕೇಳಿದರೆ ಜಂಬ. 30 ಲಕ್ಷದ ಮೂಲಬೆಲೆಯ ಹುಡುಗರು 2025ರ ಹರಾಜಿನಲ್ಲಿ 14.20 ಕೋಟಿಗೆ ಹೋದರೆ ಪ್ರತಿಭೆ.

ಕ್ರಿಕೆಟ್ಟಿನ ಒಳಗೂ ನೋಡಿ. 2022ರಿಂದ ಪಂದ್ಯದ ಫೀಸು ಗಂಡಸರಿಗೂ ಹೆಂಗಸರಿಗೂ ಸಮ ಮಾಡಿದರು. ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6, ಟಿ20ಗೆ 3. ತುಂಬಾ ಒಳ್ಳೆಯದು. ಆದರೆ 2024-25ರ ವಾರ್ಷಿಕ ಒಪ್ಪಂದದಲ್ಲಿ ಗಂಡಸರ ಮೇಲಿನ ದರ್ಜೆಗೆ 7 ಕೋಟಿ, ಹೆಂಗಸರ ಮೇಲಿನ ದರ್ಜೆಗೆ 50 ಲಕ್ಷ. ಹದಿನಾಲ್ಕು ಪಟ್ಟು!

ಕಪ್_ನಮ್ದೇ_18 · 10:42

ಅಕ್ಕ, ನೋಡುವವರು ಕಡಿಮೆ ಅಲ್ವಾ. ಖೋ ಖೋ ಫೈನಲ್ ನೀವು ಪೂರ್ತಿ ನೋಡಿದ್ರಾ?

ನರಸೀಪುರದವಳು · 10:45

ನೋಡಿದೆ. ನಾನೂ ಹೈಸ್ಕೂಲಲ್ಲಿ ಕಂಬ ಹಿಡಿದವಳು. ನೀನು?

ಕಪ್_ನಮ್ದೇ_18 · 10:46

ಹೈಲೈಟ್ಸ್…

ಗರಡಿ_ಮಣ್ಣು · 11:05

ಅಕ್ಕ ಹೇಳಿದ್ದು ಸರಿ. ನಾನು ಮೈಸೂರಿನ ಗರಡಿಮನೆಯ ಹುಡುಗ. ದಸರಾ ಕುಸ್ತಿಗೆ ದೊಡ್ಡಕೆರೆ ಮೈದಾನದ ಕ್ರೀಡಾಂಗಣದಲ್ಲಿ ಇಳಿದಿದ್ದೇನೆ. ಹಾಲು, ಬಾದಾಮಿ, ತುಪ್ಪ, ಮಾಂಸ ಎಲ್ಲಾ ಸೇರಿ ಒಂದು ವರ್ಷಕ್ಕೆ ಆಗುವ ಖರ್ಚಿನ ಮುಂದೆ ಗೆದ್ದ ದುಡ್ಡು ಬೆಳಿಗ್ಗೆ ತಿಂಡಿ ಕಾಸು. ನಮ್ಮ ಅಜ್ಜ ಅರಮನೆಯವರು ಪೈಲ್ವಾನರನ್ನು ಸಾಕುತ್ತಿದ್ದ ಕಾಲದ ಕತೆ ಹೇಳುತ್ತಿದ್ದರು. ಆಗ ನೋಡುವವರು ಎಷ್ಟು ಅಂತ ಯಾರೂ ಎಣಿಸುತ್ತಿರಲಿಲ್ಲ. ಒಬ್ಬ ಮಹಾರಾಜರು ನೋಡಿದರೆ ಸಾಕು.

ನಿವೃತ್ತ ಮೇಷ್ಟ್ರು (ಸರಸ್ವತಿಪುರಂ) · 11:11

ಅದೂ ತೆರಿಗೆ ದುಡ್ಡೇ ಅಲ್ಲವಾ ಮಗು. ರೈತನದ್ದೇ.

ಗರಡಿ_ಮಣ್ಣು · 11:12

ಹೌದು ಸಾರ್. ಆದರೂ ಅಜ್ಜ ಖುಷಿಯಾಗಿದ್ದರು.

ಆಲೆಮನೆ (ಪಾಂಡವಪುರ) · 11:48

ಎಲ್ಲರೂ ಎಷ್ಟು ದುಡ್ಡು ಅಂತ ನೋಡುತ್ತಿದ್ದೀರಿ. ಬೆಲೆ ಕಟ್ಟಿದ್ದು ಯಾರು ಅಂತ ನೋಡಿ.

ನಾನು ಬೆಲ್ಲ ಮಾಡುವವನು. ಮಂಡ್ಯ ಎಪಿಎಂಸಿಗೆ ಹಾಕುತ್ತೇನೆ. ಅಲ್ಲಿಯೂ ಹರಾಜೇ. ವರ್ತಕ ಬಂದು ಅಚ್ಚನ್ನು ಮುರಿದು ಬಣ್ಣ ನೋಡುತ್ತಾನೆ, ಬಾಯಿಗೆ ಹಾಕಿಕೊಳ್ಳುತ್ತಾನೆ, ರೇಟು ಕೂಗುತ್ತಾನೆ. ಪಂತ್‌ನನ್ನು ಕೂಗಿದ ಹಾಗೆಯೇ. ಒಳ್ಳೆಯ ಪಾಕ ಇಳಿದ ದಿನ ನನಗೂ ಸಂತೋಷ, ಕೊಪ್ಪರಿಗೆ ತಳ ಹಿಡಿದ ದಿನ ಮುಖ ಮುಚ್ಚಿಕೊಂಡು ಬರುತ್ತೇನೆ. ಎಲ್ಲಾ ಕಣ್ಣೆದುರಿಗೇ. ವೆಂಕಟೇಶ್ ಅಯ್ಯರ್ ನೋಡಿ. 2024ರ ಹರಾಜಿನಲ್ಲಿ 23.75 ಕೋಟಿ. ಒಂದು ಸೀಸನ್ ಸರಿಹೋಗಲಿಲ್ಲ, ಮುಂದಿನ ಹರಾಜಿನಲ್ಲಿ 7 ಕೋಟಿಗೆ ನಮ್ಮ ಆರ್‌ಸಿಬಿಗೆ ಬಂದ. ಹದಿನಾರು ಕೋಟಿ ಮುಕ್ಕಾಲು ಒಂದೇ ಏಟಿಗೆ ಹೋಯಿತು. ಯಾವ ಸಿಇಒ ಸಂಬಳ ಹೀಗೆ ಬಿದ್ದಿದೆ ಹೇಳಿ? ಅವರ ಬೆಲೆಯನ್ನು ಕಟ್ಟುವುದು ಬೋರ್ಡಿನಲ್ಲಿ ಪಕ್ಕದ ಕುರ್ಚಿಯವರು. ಆ ಕುರ್ಚಿಯವರು ಇನ್ನೊಂದು ಕಂಪನಿಯಲ್ಲಿ ಅದೇ ದೊಡ್ಡವರು. ನೀನು ನನಗೆ ಬೀಗ, ನಾನು ನಿನಗೆ ಬೀಗ.

ಕಬ್ಬು ಕಾರ್ಖಾನೆಗೆ ಹಾಕುವವನಿಗೆ ಹರಾಜೂ ಇಲ್ಲ, ಬೋರ್ಡೂ ಇಲ್ಲ. ದೆಹಲಿಯಲ್ಲಿ ರೇಟು, ಕಾರ್ಖಾನೆಯಲ್ಲಿ ತೂಕ, ಅವರ ಲ್ಯಾಬಿನಲ್ಲಿ ಇಳುವರಿ. ನಮ್ಮದೇನಿದ್ದರೂ ಬರೀ ಕಬ್ಬು.

ಅದಕ್ಕೇ ನನಗೆ ಪಂತ್ ಮೇಲೆ ಬೇಜಾರಿಲ್ಲ.

ಅಗ್ರಹಾರದ ಆಡಿಟರ್ · 11:55

ಬೆಳಿಗ್ಗೆಯಿಂದ ನಾನು ಬರೆದದ್ದೆಲ್ಲಾ ಅಳಿಸಿ ಇದೊಂದನ್ನೇ ಇಡಬಹುದು. ಒಂದೇ ತಿದ್ದುಪಡಿ: ಐಪಿಎಲ್ ಕೂಡ ಪೂರ್ತಿ ಬಯಲು ಹರಾಜಲ್ಲ. 2025ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಕ್ಯಾಮರೂನ್ ಗ್ರೀನ್‌ನನ್ನು ಕೋಲ್ಕತ್ತಾ ತಂಡ ಕೆಕೆಆರ್ 25.20 ಕೋಟಿಗೆ ಕೂಗಿತು. ಆದರೆ ವಿದೇಶಿ ಆಟಗಾರನಿಗೆ ಮಿತಿ ಇದ್ದದ್ದರಿಂದ ಅವನಿಗೆ ಸಿಗುವುದು 18 ಕೋಟಿ, ಉಳಿದದ್ದು ಮಂಡಳಿಗೆ, ಆಟಗಾರರ ಕ್ಷೇಮಕ್ಕೆ ಅಂತ. ಮಿತಿ ಹಾಕಿದರೆ ಆಕಾಶ ಬೀಳುವುದಿಲ್ಲ ಅನ್ನುವುದಕ್ಕೂ ಇದೇ ಸಾಕ್ಷಿ.

ಬೆಂಚಿನ ಮೇಲೆ · 12:02

ಆಲೆಮನೆ ಅಣ್ಣ, ಬಿಸಿ ಬೆಲ್ಲ ಯಾವಾಗ ಇಳಿಯುತ್ತದೆ? ಶನಿವಾರ ಬರಬಹುದಾ?

ಆಲೆಮನೆ (ಪಾಂಡವಪುರ) · 12:06

ಬಾರಪ್ಪ. ಕೊಬ್ಬರಿ ನೀನೇ ತಾ.

ಕಬ್ಬಿನಗದ್ದೆ (ಮಂಡ್ಯ) · ಮಧ್ಯಾಹ್ನ 1:20

ಗದ್ದೆಗೆ ಹೋಗಿದ್ದೆ, ಈಗ ಓದಿದೆ. ಆಲೆಮನೆಯವರು ನನ್ನ ಹೊಟ್ಟೆಯೊಳಗಿನದನ್ನೇ ಬರೆದಿದ್ದಾರೆ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಒಳ್ಳೆಯ ಮೇನೇಜರಿಗೆ ದೊಡ್ಡ ಸಂಬಳ ಕೊಡಲಿ. 1933ರಲ್ಲಿ ಶುರುವಾದ ನಮ್ಮ ಮೈಶುಗರ್ ಸಕ್ಕರೆ ಕಾರ್ಖಾನೆಯ ಗಾಣ ನಿಂತಿದ್ದ ವರ್ಷಗಳಲ್ಲಿ ಕಬ್ಬನ್ನು ಬೇರೆ ಕಡೆ ಸಾಗಿಸಿ ಸಾಕಾಯಿತು. ಅದನ್ನು ನಿಲ್ಲದ ಹಾಗೆ ನಡೆಸುವವನು ಸಿಕ್ಕಿದ್ದರೆ ನಾವೇ ಚಂದಾ ಎತ್ತಿ ಕೊಡುತ್ತಿದ್ದೆವು. ನಡೆಸಿದರೆ ಕೊಡಲಿ. ನಿಂತರೆ ವಾಪಸ್ ತಗೊಳ್ಳಲಿ. ಅಷ್ಟೇ.

ಮಗನಿಗೆ ಫೋನ್ ಮಾಡಿ ಇದನ್ನೆಲ್ಲಾ ಓದಿ ಹೇಳಿದೆ. ‘ಅದನ್ನೇ ಅಲ್ವಾ ನಾನೂ ಹೇಳಿದ್ದು’ ಅಂದ. ಹೇಳಿರಲಿಲ್ಲ.

ನರಸೀಪುರದವಳು · 1:34

ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ, ಒಂದು ಕೇಳುತ್ತೇನೆ. ನಿಮ್ಮ ಗದ್ದೆಯಲ್ಲಿ ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು? ಬೆಲೆ ಕಟ್ಟುವವರು ಯಾರು?

ಕಪ್_ನಮ್ದೇ_18 · 1:35

ಔಟ್! ಕ್ಲೀನ್ ಬೌಲ್ಡ್ 🏏

ಕಬ್ಬಿನಗದ್ದೆ (ಮಂಡ್ಯ) · 2:10

ಗಂಡಾಳಿಗೆ 600. ಹೆಣ್ಣಾಳಿಗೆ 350.

ಕೆಲಸ ಬೇರೆ ತಾಯಿ. ಗಂಡಸರು ಹೊರೆ ಹೊರುತ್ತಾರೆ, ಲೋಡ್ ಮಾಡುತ್ತಾರೆ. ಹೆಂಗಸರದ್ದು ಕಳೆ ಕೀಳುವುದು, ನಾಟಿ. ರೇಟು ನಾನು ಕಟ್ಟಿದ್ದಲ್ಲ, ಊರಲ್ಲಿ ನಡೆದು ಬಂದದ್ದು.

ನರಸೀಪುರದವಳು · 2:14

ಬಗ್ಗಿದ ಸೊಂಟ ಎಂಟು ಗಂಟೆ ಎತ್ತದೆ ಕಳೆ ಕೀಳುವುದು ಹಗುರದ ಕೆಲಸ ಅಂತ ಊರು ಹೇಳಿತಾ ಅಣ್ಣ? ಬೋರ್ಡಿನ ಕುರ್ಚಿಯವರೂ ಇದೇ ಹೇಳುತ್ತಾರೆ, ನಡೆದು ಬಂದದ್ದು ಅಂತ.

ನಿವೃತ್ತ ಮೇಷ್ಟ್ರು (ಸರಸ್ವತಿಪುರಂ) · 2:20

ಮನೆಕೆಲಸದಾಕೆಗೆ ನಾನು ಎಷ್ಟು ಕೊಡುತ್ತೇನೆ ಅಂತ ಯಾರೂ ಕೇಳುವ ಮೊದಲು ನಾನು ಮಲಗಿಕೊಳ್ಳುತ್ತೇನೆ. ನಮಸ್ಕಾರ.

ಕಬ್ಬಿನಗದ್ದೆ (ಮಂಡ್ಯ) · ಸಂಜೆ 6:55

ನಾಳೆ ಕಳೆಗೆ ಆರು ಜನ ಬರುತ್ತಾರೆ. ಅವರು ಕೇಳಿದರೆ ಏನು ಹೇಳಲಿ ಅಂತ ಹೆಂಡತಿಯನ್ನು ಕೇಳಿದೆ. ‘ಅವರು ಕೇಳಲ್ಲ, ಕೇಳಿದ್ರೆ ನೀವು ಬೇರೆಯವರನ್ನ ಕರೀತೀರ ಅಂತ ಗೊತ್ತು’ ಅಂದಳು. ಅಷ್ಟು ಹೇಳಿ ಹಸುವಿನ ಹತ್ತಿರ ಹೋದಳು.

ಕಪ್_ನಮ್ದೇ_18 · 7:01

450 ಮಾಡಿ ಅಣ್ಣ, ಹೆಸರು ಬರುತ್ತೆ.

ನರಸೀಪುರದವಳು · 7:03

ನಿಮ್ಮಪ್ಪನ ಗದ್ದೆಯಲ್ಲಿ ಎಷ್ಟಪ್ಪ?

ಕಪ್_ನಮ್ದೇ_18 · 7:20

ಅಪ್ಪನ್ನ ಕೇಳಿ ಹೇಳ್ತೀನಿ ಅಕ್ಕ.